ಜಾತ್ರೆಗೆ ಡೇರೆ ಹೊಡೆಯುವ ಮುನ್ನ ಒಂದು ರಾತ್ರಿ ಹೊಲದಾಗ ಮಲಗಿ

ಜತ್ತ: ಮಾಘ ಮಾಸದ ಭಾರತ ಹುಣ್ಣಿಮೆ ಬಂತೆಂದರೆ ಗಡಿಭಾಗದ ಕನ್ನಡ ಕುಟುಂಬಗಳು ಚಿಂಚಲಿ ಮಾಯಕ್ಕನ ಜಾತ್ರೆಗೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಗಂಟುಮೂಟೆ ಕಟ್ಟುತ್ತವೆ. ಹಿಂದೆ ಚಕ್ಕಡಿ ಹೂಡಿಕೊಂಡು ಹೋಗಿ ಅದರ ಕೆಳಗೇ ಸಂಸಾರ ಹೂಡುತ್ತಿದ್ದರು. ಈಗ ಟೆಂಪೊ, ಟ್ರ್ಯಾಕ್ಟರ್ ಬಂದಿವೆ. ಪುಣೆ, ಇಚಲಕರಂಜಿ, ಸಾಂಗಲಿಯಲ್ಲಿ ನೆಲೆಸಿದ ಮಕ್ಕಳು-ಮೊಮ್ಮಕ್ಕಳೂ ಊರಿಗೆ ಬಂದು ಜೊತೆಗೂಡುತ್ತಾರೆ. ಫ್ಯಾನ್ ಕೆಳಗೆ ಬೆಳೆದ ಈ ಹುಡುಗರಿಗೆ ಬಯಲಿನಲ್ಲಿ ರಾತ್ರಿ ಕಳೆಯುವುದು ಇದೇ ಮೊದಲು. ಖರೇ ಹೇಳಬೇಕೆಂದರೆ ಎಷ್ಟೋ ಅಪ್ಪ-ಅವ್ವಂದಿರಿಗೂ ಮೊದಲೇ.

ಅಂಥವರು ಹೊಸ ಡೇರೆ ಖರೀದಿಗೆ ಓಡಾಡುವುದಕ್ಕಿಂತ, ಹೊರಡುವ ಎಂಟು ದಿನ ಮೊದಲು ತಮ್ಮ ಹೊಲದಲ್ಲೇ ತಾಡಪತ್ರಿ ಕಟ್ಟಿ ಒಂದು ರಾತ್ರಿ ಮನೆಮಂದಿಯೆಲ್ಲ ಮಲಗುವುದು ಒಳ್ಳೆಯದು. ಬ್ಯಾಟರಿ ಎಷ್ಟು ಹೊತ್ತು ಉರಿಯುತ್ತದೆ, ಬೆಳಗಿನ ಜಾವದ ಥಂಡಿಗೆ ಹೊದಿಕೆ ಸಾಲುತ್ತದೋ ಇಲ್ಲವೋ, ಕತ್ತಲೆಗೆ ಕೂಸು ಅಂಜುತ್ತದೋ, ಎಲ್ಲ ಅವತ್ತೇ ತಿಳಿಯುತ್ತದೆ. ಏನಾದರೂ ಕಡಿಮೆ ಬಿದ್ದರೆ ಮನೆ ಹತ್ತಿರವೇ ಐತಿ.

ನೀರಿನ ಲೆಕ್ಕ ಬರೆದು ಇಟ್ಟುಕೊಳ್ಳಿ. ಕುಡಿಯುವುದಕ್ಕೇ ತಲೆಗೆ ದಿನಕ್ಕೆ 4 ಲೀಟರ್ ಹಿಡಿದರೆ, 5 ಮಂದಿಗೆ 2 ದಿನಕ್ಕೆ 40 ಲೀಟರ್, ಅಂದರೆ 20 ಲೀಟರಿನ 2 ಜಾರ್. ಅಡುಗೆ, ಪಾತ್ರೆಗೆ ಬೇರೆ. ಹಳ್ಳದ ನೀರನ್ನು ಕುದಿಸದೆ ಕುಡಿಯಕೂಡದು. ಜುಲಾಬು ಹತ್ತಿದರೆ 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಊಟದ ಚಿಂತೆ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಕಡಕ ರೊಟ್ಟಿ, ಶೇಂಗಾ ಹಿಂಡಿ ಇದ್ದಲ್ಲಿ ಯಾರೂ ಉಪವಾಸ ಬಿದ್ದಿಲ್ಲ.

ಆದರೆ ಮನೆಯ ಹೆಣ್ಣುಮಕ್ಕಳು ಆ ನೀರನ್ನು ಕುಡಿಯುವುದೇ ಇಲ್ಲ. ಬಯಲಿಗೆ ಹೋಗುವ ನಾಚಿಕೆಗೆ, ಕತ್ತಲಾಗುವವರೆಗೆ ಗಂಟಲು ಒಣಗಿಸಿಕೊಂಡೇ ಇರುತ್ತಾರೆ. ಬಿಸಿಲಲ್ಲಿ ತಲೆ ತಿರುಗುವುದು, ಆಮೇಲೆ ಉರಿಮೂತ್ರ, ಇವೆಲ್ಲ ಬಹಳ ಸಲ ಇದರಿಂದಲೇ. ಇದನ್ನು ದೇವಿಯ ಕಾಟ ಎಂದು ತಿಳಿಯುವವರೂ ಇದ್ದಾರೆ! ಗಂಡಸರು ಡೇರೆ ಹೊಡೆಯುವ ಮೊದಲು 4 ಬಿದಿರು ನೆಟ್ಟು, ಹಳೆ ಸೀರೆ ಸುತ್ತಿ, ಬಕೆಟ್ಟು ಇಟ್ಟು ಮರೆ ಮಾಡಿಕೊಡಲಿ. ಒಳಗೆ ಆಳವಾದ ಗುಂಡಿ, ಮಣ್ಣು ಎಳೆಯಲು ಒಂದು ಸಲಿಕೆ. ಅಡುಗೆ ಜಾಗ, ಹಳ್ಳ ಎರಡರಿಂದಲೂ ದೂರ ಇರಬೇಕು. ಅರ್ಧ ತಾಸಿನ ಕೆಲಸ. ಇದನ್ನು ಹೇಳಲು ಹೆಂಗಸರು ಸಂಕೋಚ ಪಡುತ್ತಾರೆ, ಗಂಡಸರಿಗೆ ಹೊಳೆಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯಬೇಕಾಯಿತು.

ಥಂಡಿ ಎಂದು ಇದ್ದಿಲಿನ ಶೇಗಡಿಯನ್ನು ಮುಚ್ಚಿದ ಡೇರೆಯೊಳಗೆ ಇಟ್ಟು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಮರಾಠಿಯಲ್ಲಿ ಮಣ್ಯಾರ ಎನ್ನುವ ಹಾವು ರಾತ್ರಿ ಕಚ್ಚಿದರೆ ಬಹಳ ಸಲ ನೋವೇ ಆಗುವುದಿಲ್ಲ. ಸಂಶಯ ಬಂದರೂ ಸಾಕು, ಮಂತ್ರದವರ ಕಡೆ ಹೋಗದೆ ದವಾಖಾನೆಗೆ ನಡೀರಿ. 108 ಎರಡೂ ರಾಜ್ಯಗಳಲ್ಲಿ ಐತಿ.

ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಜನ ತುಂಬುವುದು ಕಾನೂನುಬಾಹಿರ, ಅನಾಹುತವಾದರೆ ವಿಮೆಯ ರೊಕ್ಕಕ್ಕೂ ಕೋರ್ಟು ಅಲೆಯಬೇಕು. ಚಿಂಚಲಿಗೆ ಮಿರಜದಿಂದ ಬೆಳಗಾವಿ ಕಡೆಯ ರೈಲು ಮಾರ್ಗದಲ್ಲೇ ನಿಲ್ದಾಣವಿದೆ. ಸಾಮಾನು ಟ್ರಾಲಿಯಲ್ಲಿ, ಮಂದಿ ರೈಲಿನಲ್ಲಿ ಹೋಗಬಹುದಲ್ಲ?

ಇನ್ನು ಮಕ್ಕಳ ವಿಷಯ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ತನ್ನ ಸೊಸೈಟಿಯ ಹೆಸರು ಗೊತ್ತು, ಅಜ್ಜನ ಊರು ಗೊತ್ತಿಲ್ಲ. ಗದ್ದಲದಲ್ಲಿ ಕಳೆದರೆ ಮೈಕಿನವರಿಗೆ ಏನು ಹೇಳೀತು? ಊರು, ತಾಲ್ಲೂಕು, ಅಪ್ಪನ ಹೆಸರು, ಎರಡು ಮೊಬೈಲ್ ನಂಬರ್‌ಗಳನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದ ಚೀಟಿಯನ್ನು ಅಂಗಿಯ ಒಳಗಡೆ ಪಿನ್ ಹಾಕಿ. ಜಾತ್ರೆಯಲ್ಲಿ ನೆಟ್‌ವರ್ಕ್ ನಂಬಬಾರದು. ತಲುಪಿದ ಕೂಡಲೇ ಒಂದು ದೊಡ್ಡ ಗಿಡವನ್ನೋ ನೀರಿನ ಟಾಕಿಯನ್ನೋ ಗುರುತು ಹಿಡಿದು, ತಪ್ಪಿಸಿಕೊಂಡವರು ಅಲ್ಲೇ ಬಂದು ನಿಲ್ಲಬೇಕೆಂದು ಮುದುಕರಿಗೂ ಮಕ್ಕಳಿಗೂ ತೋರಿಸಿ, ಆಮೇಲೆ ದರ್ಶನಕ್ಕೆ ಹೋಗಿ.