ಕಲ್ಲಿನ ಜೊತೆ ನೆತ್ತರುಗೊಡಗೆಯೂ ಬೇಕು

ಬೆಳಗಿನ ಐದೂವರೆಗೆ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಬಂದು ನೋಡಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗರು ಮೊಬೈಲಿನಲ್ಲಿ ಟೈಮ್ ಇಟ್ಟುಕೊಂಡು 1.6 ಕಿ.ಮೀ. ಓಡುತ್ತಿರುತ್ತಾರೆ. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೂ ಅವರಲ್ಲೊಬ್ಬ. ನಾನು ಬಿಇ ಸೇರಿದೆ, ಅವನು ಅಗ್ನಿವೀರ್ ಭರ್ತಿಗೆ ತಯಾರಾಗುತ್ತಿದ್ದಾನೆ. ಒಂದು ದಿನ ಓಟ ಮುಗಿಸಿ ನೀರು ಕುಡಿಯುತ್ತಾ ಕೇಳಿದ: 'ನಂಗೇನಾದ್ರೂ ಆದ್ರೆ ಊರಿನ ಸರ್ಕಲ್ಲಿಗೆ ನನ್ನ ಹೆಸರಿಡ್ತಾರೆ ಬಿಡು. ಆದ್ರೆ ಅವ್ವನಿಗೆ ತಿಂಗಳು ತಿಂಗಳು ಏನ್ ಬರುತ್ತೆ ಕಣೋ?' ನನ್ನ ಬಳಿ ಉತ್ತರವಿರಲಿಲ್ಲ. ಹುಡುಕತೊಡಗಿದೆ.

ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್‌ಡಿಎ) 'ಹಟ್ ಆಫ್ ರಿಮೆಂಬ್ರೆನ್ಸ್' ಎಂಬ ಸ್ಮಾರಕವಿದೆ. ಕೆಡೆಟ್‌ಗಳೇ ಕೈಯಾರೆ ದುಡಿದು ಕಟ್ಟಿದ್ದು. ಅಲ್ಲಿ ಕಲಿತು ಕರ್ತವ್ಯದಲ್ಲಿ ಮಡಿದವರ ನೆನಪಿಗಾಗಿ ಇರುವ ಜಾಗ ಅದು. 2008ರ ನವೆಂಬರ್‌ನಲ್ಲಿ ಮುಂಬೈ ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅಲ್ಲಿಯ ವಿದ್ಯಾರ್ಥಿ. ಪರಮವೀರ ಚಕ್ರ ಪಡೆದ ಎನ್‌ಡಿಎಯ ಮೊದಲ ವಿದ್ಯಾರ್ಥಿ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ. ಪಂಜಾಬಿನ ಈ ಹುಡುಗ 1946ರಲ್ಲಿ ಓದಲು ಬಂದದ್ದು ಬೆಂಗಳೂರಿನ ಕಿಂಗ್ ಜಾರ್ಜ್ ಮಿಲಿಟರಿ ಕಾಲೇಜಿಗೆ, ಅಂದರೆ ಇಂದಿನ ರಾಷ್ಟ್ರೀಯ ಮಿಲಿಟರಿ ಶಾಲೆಗೆ. ಎದೆಯ ಸುತ್ತಳತೆ ಸಾಲದೆಂದು ಮೊದಲು ವಾಪಸ್ ಕಳಿಸಿದ್ದರು. ಕಸರತ್ತು ಮಾಡಿ ಮತ್ತೆ ಬಂದು ಸೇರಿದರು. ನಮ್ಮ ಕ್ರೀಡಾಂಗಣದ ಹುಡುಗರು ಮಾಡುತ್ತಿರುವುದೂ ಇದನ್ನೇ. 1961ರ ಡಿಸೆಂಬರ್ 5ರಂದು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ ಸಲಾರಿಯಾ ಕಾಂಗೋದಲ್ಲಿ ಹೋರಾಡುತ್ತಾ ಮಡಿದಾಗ ವಯಸ್ಸು 26.

ಈಗ ಗೆಳೆಯನ ಪ್ರಶ್ನೆಗೆ ಬರೋಣ. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ನಂತರ ಕಾಯಂ ಆಗುವವರು ಹೆಚ್ಚೆಂದರೆ ಶೇ 25. ಅಗ್ನಿವೀರ ಸತ್ತರೆ ಮನೆಗೆ ಏನೂ ಸಿಗದು ಎಂಬ ಮಾತು ಸುಳ್ಳು. ₹48 ಲಕ್ಷ ವಿಮೆ ಇದೆ. ಕರ್ತವ್ಯದ ಕಾರಣದಿಂದ ಮಡಿದರೆ ₹44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ, ಸೇವಾ ನಿಧಿಯೂ ಇವೆ. ಇಲ್ಲದಿರುವುದು ಪಿಂಚಣಿ. ಕಾಯಂ ಸೈನಿಕ ಯುದ್ಧದಲ್ಲಿ ಮಡಿದರೆ ಅವನ ಕೊನೆಯ ಸಂಬಳದಷ್ಟೇ ಮೊತ್ತ ಕುಟುಂಬ ಪಿಂಚಣಿಯಾಗಿ ತಿಂಗಳು ತಿಂಗಳು ಬರುತ್ತದೆ. ಒಂದೇ ಗಡಿ ಠಾಣೆಯಲ್ಲಿ, ಒಂದೇ ಗುಂಡಿನ ಚಕಮಕಿಯಲ್ಲಿ ಸತ್ತ ಇಬ್ಬರ ಮನೆಗಳ ನಡುವೆ ಇಷ್ಟು ಅಂತರ.

ಸೇನೆಯ ಸರಾಸರಿ ವಯಸ್ಸು ಇಳಿಯಬೇಕು, ಪಿಂಚಣಿಯ ಹೊರೆ ತಗ್ಗಬೇಕು ಎನ್ನುತ್ತಾರೆ ಯೋಜನೆಯ ಪರ ಇರುವವರು. ವಾದದಲ್ಲಿ ಹುರುಳಿದೆ. ಆದರೆ ಅದು ನಾಲ್ಕು ವರ್ಷ ಮುಗಿಸಿ ಮನೆಗೆ ಮರಳುವವರ ಲೆಕ್ಕ. ಮರಳದವನಿಗೆ ನಾಲ್ಕು ವರ್ಷದ ಅವಧಿ ಎಲ್ಲಿಯದು? ಕಾಯಂ ಸೈನಿಕ ಕೊಟ್ಟಷ್ಟನ್ನೇ ಅವನೂ ಕೊಟ್ಟಿರುತ್ತಾನೆ. ಮಡಿದ ಅಗ್ನಿವೀರರ ಕುಟುಂಬಕ್ಕೂ ಕಾಯಂ ಸೈನಿಕರ ಕುಟುಂಬಕ್ಕೆ ಸಿಗುವ ಸವಲತ್ತುಗಳು ಸಿಗಬೇಕೆಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ 2024ರಲ್ಲಿ ಶಿಫಾರಸು ಮಾಡಿತ್ತು.

ನಮ್ಮ ನಾಡಿಗೆ ಇದು ಹೊಸ ಮಾತಲ್ಲ. ಊರೂರಿನ ಕೆರೆ ಏರಿ, ಗುಡಿಗಳ ಬಳಿ ವೀರಗಲ್ಲುಗಳಿವೆ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಆದರೆ ನಮ್ಮ ಹಿರಿಯರು ಕಲ್ಲು ನೆಟ್ಟು ಸುಮ್ಮನಾಗಲಿಲ್ಲ. ಸತ್ತವನ ಮನೆಯವರಿಗೆ ಉಂಬಳಿ ಭೂಮಿ ಕೊಟ್ಟದ್ದನ್ನು ಶಾಸನಗಳು ಹೇಳುತ್ತವೆ. ಅದಕ್ಕೆ 'ನೆತ್ತರುಗೊಡಗೆ' ಎಂಬ ಹೆಸರಿತ್ತು. ಹೊಲ ಒಂದೇ ಬಾರಿ ಕೈಗೆ ಬಂದು ಕರಗುವ ದುಡ್ಡಲ್ಲ, ವರ್ಷ ವರ್ಷ ಅನ್ನ ಕೊಡುವಂಥದ್ದು. ಪಿಂಚಣಿ ಇಂದಿನ ನೆತ್ತರುಗೊಡಗೆ.

ಇದು ಯಾವ ಪಕ್ಷದ ಪರವೋ ವಿರುದ್ಧವೋ ಆಡಿದ ಮಾತಲ್ಲ. ಭರ್ತಿಗೆ ಹೋಗುವ ಗೆಳೆಯರೇ, ಅರ್ಜಿ ಹಾಕುವ ಮುನ್ನ ಈ ಷರತ್ತುಗಳನ್ನು ಓದಿ, ಮನೆಯವರಿಗೂ ಓದಿ ಹೇಳಿ. ಭರ್ತಿಗೆ ಹೋಗದ ನಾವು ಹುತಾತ್ಮರ ದಿನ ಸ್ಟೇಟಸ್ ಹಾಕುವುದರ ಜೊತೆಗೆ ಈ ಪ್ರಶ್ನೆಯನ್ನು ನಮ್ಮ ಸಂಸದರ ಮುಂದಿಡೋಣ.

ನನಗೆ ಸಿಕ್ಕ ಉತ್ತರವನ್ನು ಗೆಳೆಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಆದ್ರೂ ಹೋಗ್ತೀನಿ' ಎಂದು ಶೂ ಲೇಸ್ ಕಟ್ಟಿಕೊಂಡ. ಹೋಗುತ್ತೇನೆ ಎನ್ನುವವನ ಅವ್ವನ ಚಿಂತೆ ದೇಶದ್ದಾಗಬೇಕು.