ಕೊಂಡು ತಂದ ಎದುರಾಳಿ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಆಗಸ್ಟ್ ಕೊನೆಯ ಅಥವಾ ಸೆಪ್ಟೆಂಬರ್ ಮೊದಲ ಶನಿವಾರಕ್ಕೆ ನಮ್ಮೂರ ತೇರಿನ ದಿನದ ಕಳೆ ಇರುತ್ತದೆ. ವರ್ಷದ ಮೊದಲ ಪಂದ್ಯ, ಅದೂ ತವರಿನ ಅಂಗಳದಲ್ಲಿ. ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಡುತ್ತದೆ. ಪಾರ್ಕಿಂಗ್ ಜಾಗಗಳಲ್ಲಿ ಬೆಳಗ್ಗೆಯೇ ಒಲೆ ಹೊತ್ತುತ್ತದೆ, ಬ್ಯಾಂಡ್ ಮೊಳಗುತ್ತದೆ, ಹಳೆಯ ವಿದ್ಯಾರ್ಥಿಗಳು ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಅಲ್ಲಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರೂ ನಿಯಮ ತಿಳಿಯದ ಆಟಕ್ಕೆ ಗಂಟಲು ಹರಿಯುವಂತೆ ಕೂಗುತ್ತಾರೆ. ಈ ಸಂಭ್ರಮದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಎದುರಾಳಿಯ ಕುರಿತಾದದ್ದು. ಆ ದಿನ ಎದುರಿಗೆ ನಿಲ್ಲುವ ತಂಡವನ್ನು ಅನೇಕ ಸಲ ದುಡ್ಡು ಕೊಟ್ಟು ಕರೆಸಿರುತ್ತಾರೆ. ಸೋತು ಹೋಗಲಿ ಎಂದೇ ಕರೆಸಿರುತ್ತಾರೆ.

ಈ ವ್ಯವಹಾರ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಫುಟ್‌ಬಾಲ್ ಎಂದರೆ ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಕವಚ ತೊಟ್ಟ ಹನ್ನೊಂದು ಹನ್ನೊಂದು ಜನ ಮೊಟ್ಟೆಯಾಕಾರದ ಚೆಂಡಿಗಾಗಿ ಮೈಮೇಲೆ ಬಿದ್ದು ಆಡುವ ಆಟ. ದೊಡ್ಡ ವಿಶ್ವವಿದ್ಯಾಲಯದ ತಂಡಕ್ಕೆ ವರ್ಷಕ್ಕೆ ಸಾಮಾನ್ಯವಾಗಿ 12 ಪಂದ್ಯ. ತವರಿನಲ್ಲಿ ಆಡಿದಷ್ಟೂ ಟಿಕೆಟ್ಟಿನ ದುಡ್ಡು, ಪಾರ್ಕಿಂಗ್ ದುಡ್ಡು, ಹಳೆಯ ವಿದ್ಯಾರ್ಥಿಗಳ ದೇಣಿಗೆ ಎಲ್ಲ ಹೆಚ್ಚು. ಸರಿಸಮಾನರನ್ನು ಕರೆದರೆ ಇನ್ನೊಂದು ವರ್ಷ ಅವರ ಮನೆಗೂ ಹೋಗಬೇಕಾಗುತ್ತದೆ, ತವರಿನ ಒಂದು ಪಂದ್ಯ ಕೈತಪ್ಪುತ್ತದೆ. ಹಾಗಾಗಿ ಬಂದು ಉಂಡು ಹೋಗುವ, ತಿರುಗಿ ಕರೆಯದ ಅತಿಥಿಯೇ ಬೇಕು. ಸಣ್ಣದೊಂದು ಕಾಲೇಜಿಗೆ ಚೆಕ್ ಬರೆದು ಕರೆಸುತ್ತಾರೆ. ಋತುವಿನ ಕೊನೆಯ ‘ಬೌಲ್’ ಪಂದ್ಯಗಳಿಗೆ ಅರ್ಹತೆ ಪಡೆಯಲು ಸಾಮಾನ್ಯವಾಗಿ ಆರು ಗೆಲುವು ಬೇಕು. ಕೆಳಗಿನ ವಿಭಾಗದ ತಂಡದ ಮೇಲೆ ಗಳಿಸಿದ ಒಂದು ಗೆಲುವನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಇದರ ಹೆಸರು ‘ಗ್ಯಾರಂಟಿ ಗೇಮ್’. ಕರ್ನಾಟಕದ ಓದುಗರಿಗೆ ಗ್ಯಾರಂಟಿ ಎಂದರೆ ಸರ್ಕಾರ ಬಡವರಿಗೆ ಕೊಟ್ಟ ಮಾತು. ಅಲ್ಲಿ ಒಪ್ಪಂದದ ಕಾಗದದಲ್ಲಿ ಗ್ಯಾರಂಟಿ ಇರುವುದು ಚೆಕ್ಕಿಗೆ. ಸೋಲಿನ ಮಾತನ್ನು ಯಾರೂ ಬರೆಯುವುದಿಲ್ಲ, ಯಾರೂ ಬೇಕೆಂದು ಸೋಲುವುದೂ ಇಲ್ಲ. ಆದರೆ ಆ ಚೆಕ್ ಹುಟ್ಟುವುದೇ ಅವರು ಸೋಲುತ್ತಾರೆಂಬ ನಂಬಿಕೆಯಿಂದ.

ವ್ಯಾಪಾರಿ ಕ್ಲಬ್ಬೊಂದು ಹೀಗೆ ಮಾಡಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಇದನ್ನು ಮಾಡುತ್ತಿರುವುದು ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯದ ಮರ್ಯಾದೆ ನಿಂತಿರುವುದು ಒಂದೇ ಒಂದು ಭರವಸೆಯ ಮೇಲೆ: ಇಲ್ಲಿ ಪರೀಕ್ಷೆ ನಿಜವಾದದ್ದು. ಪ್ರಶ್ನೆಪತ್ರಿಕೆ ಸೋರಿದರೆ ವಿದ್ಯಾರ್ಥಿಗಳು ಬೀದಿಗಿಳಿಯುತ್ತಾರೆ, ಪ್ರಬಂಧವನ್ನು ದುಡ್ಡು ಕೊಟ್ಟು ಬರೆಸಿದರೆ ಪದವಿ ಹೋಗುತ್ತದೆ. ಅದೇ ಸಂಸ್ಥೆ ತನ್ನ ವರ್ಷದ ಅತಿ ದೊಡ್ಡ ಬಹಿರಂಗ ಪರೀಕ್ಷೆಗೆ ಸುಲಭದ ಪ್ರಶ್ನೆಪತ್ರಿಕೆಯನ್ನು ಮಾರುಕಟ್ಟೆಯಿಂದ ಕೊಂಡು ತರುತ್ತದೆ. ಆಮೇಲೆ ಪಾಸಾದೆವೆಂದು ಬ್ಯಾಂಡ್ ಬಾರಿಸುತ್ತದೆ.

ಈ ಪದ್ಧತಿಯನ್ನು ಸಮರ್ಥಿಸುವವರು ಎಲ್ಲಕ್ಕಿಂತ ಮೊದಲು ಹೇಳುವುದು 2007ರ ಸೆಪ್ಟೆಂಬರ್ 1ರ ಕಥೆಯನ್ನು. ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯ ಆಗ ದೇಶದ ಐದನೇ ರ‍್ಯಾಂಕಿನ ತಂಡ. ಮೊದಲ ಪಂದ್ಯಕ್ಕೆ ಕರೆಸಿದ್ದು ನಾರ್ತ್ ಕ್ಯಾರೊಲೈನಾದ ಬೆಟ್ಟದ ಊರು ಬೂನ್‌ನ ಆಪಲಾಚಿಯನ್ ಸ್ಟೇಟ್ ತಂಡವನ್ನು. ಅದು ಒಂದು ಮೆಟ್ಟಿಲು ಕೆಳಗಿನ ವಿಭಾಗದ್ದು. ಆಗಿನ ನಿಯಮದಂತೆ ಮೇಲಿನ ವಿಭಾಗದ ತಂಡಕ್ಕೆ 85 ವಿದ್ಯಾರ್ಥಿವೇತನಗಳಿದ್ದರೆ ಕೆಳಗಿನದಕ್ಕೆ 63. ಬಂದು ಆಡಿದ್ದಕ್ಕೆ ಕೊಟ್ಟದ್ದು 4 ಲಕ್ಷ ಡಾಲರ್. 1,09,000ಕ್ಕೂ ಹೆಚ್ಚು ಪ್ರೇಕ್ಷಕರ ಮುಂದೆ ಆಪಲಾಚಿಯನ್ ಸ್ಟೇಟ್ 34–32ರಿಂದ ಗೆದ್ದಿತು. ಕೊನೆಯ ಕ್ಷಣಗಳಲ್ಲಿ ಮಿಶಿಗನ್ ಒದ್ದ ಚೆಂಡನ್ನು ಬೂನ್‌ನ ಹುಡುಗನೊಬ್ಬ ತಡೆದ ಆ ದೃಶ್ಯವನ್ನು ಇವತ್ತಿಗೂ ತೋರಿಸುತ್ತಾರೆ. ‘ನೋಡಿ, ಇರುವೆ ಆನೆಯನ್ನು ಗೆದ್ದಿತಲ್ಲ! ಗ್ಯಾರಂಟಿ ಗೇಮ್ ಇಲ್ಲದಿದ್ದರೆ ಈ ಅವಕಾಶ ಇರುತ್ತಿತ್ತೇ?’ ಎನ್ನುತ್ತಾರೆ.

ಆ ಗೆಲುವು ಅಪ್ಪಟ ಗೆಲುವು. ಆದರೆ ಅದು ಇಷ್ಟು ಪ್ರಸಿದ್ಧವಾದದ್ದೇ ಅಂಥದ್ದು ಆಗಬಾರದೆಂದು ಇಡೀ ಏರ್ಪಾಡು ನಿಂತಿರುವುದರಿಂದ. ಆಮೇಲೆ ಏನಾಯಿತೆಂದೂ ನೋಡಬೇಕು. 2014ರ ಆಗಸ್ಟ್ 30ರಂದು, ಮತ್ತೆ ವರ್ಷದ ಮೊದಲ ಪಂದ್ಯಕ್ಕೆ, ಮಿಶಿಗನ್ ಅದೇ ತಂಡವನ್ನು ಅದೇ ಅಂಗಳಕ್ಕೆ ಕರೆಸಿತು. ಈ ಸಲ ಬೆಲೆ 10 ಲಕ್ಷ ಡಾಲರ್. ಮಿಶಿಗನ್ 52–14ರಿಂದ ಗೆದ್ದಿತು. ಹಳೆಯ ಸೋಲಿನ ಲೆಕ್ಕ ಚುಕ್ತಾ ಆಯಿತೆಂದು ಅಭಿಮಾನಿಗಳು ಹಿಗ್ಗಿದರು. ತನ್ನನ್ನು ಸೋಲಿಸಿದವನಿಗೆ ನಿಜವಾದ ಗೌರವ ತೋರಿಸುವುದಿದ್ದರೆ ಬೂನ್‌ಗೆ ಹೋಗಿ ಆಡಬೇಕಿತ್ತು. ಎರಡು ಸಲವೂ ಬಸ್ಸು ಹತ್ತಿದವರು ಒಬ್ಬರೇ. ಗೆದ್ದವನಿಗೆ ಸಿಕ್ಕಿದ ಬಹುಮಾನವೆಂದರೆ ಸೋಲುವುದಕ್ಕೆ ಇನ್ನೂ ಹೆಚ್ಚಿನ ಬೆಲೆ.

ಒಂದು ಇರುವೆಯ ಕಥೆ ಹೇಳುವವರು ತುಳಿಸಿಕೊಂಡ ಇರುವೆಗಳ ಕಥೆಯನ್ನೂ ಹೇಳಬೇಕು. ಜಾರ್ಜಿಯಾದ ಸವಾನಾ ಸ್ಟೇಟ್ ಕಪ್ಪು ಜನರ ಶಿಕ್ಷಣಕ್ಕಾಗಿ 1890ರಲ್ಲಿ ಹುಟ್ಟಿದ ಸಂಸ್ಥೆ. 2012ರ ಸೆಪ್ಟೆಂಬರ್ 1ರಂದು ಓಕ್ಲಹೋಮ ಸ್ಟೇಟ್ ತನ್ನ ಋತುವಿನ ಮೊದಲ ಪಂದ್ಯಕ್ಕೆ ಅವರನ್ನು ಕರೆಸಿ 84–0ರಿಂದ ಸೋಲಿಸಿತು. ಮರುವಾರವೇ ಫ್ಲಾರಿಡ ಸ್ಟೇಟ್ ವಿರುದ್ಧ 55–0. ಆ ಪಂದ್ಯ ಮೂರನೇ ಪಾದದಲ್ಲೇ ನಿಂತಿತು. ನಿಲ್ಲಿಸಿದ್ದು ಮನುಷ್ಯರ ಕರುಣೆಯಲ್ಲ, ಆಕಾಶದ ಸಿಡಿಲು. ಎರಡು ಪಂದ್ಯಗಳಿಂದ ಕಾಲೇಜಿಗೆ ಸಿಕ್ಕಿದ್ದು ಸುಮಾರು 8,60,000 ಡಾಲರ್. ಅದರಿಂದ ಸವಾನಾ ಸ್ಟೇಟ್‌ನ ಫುಟ್‌ಬಾಲ್ ಉದ್ಧಾರವಾಯಿತೇ ಎಂದರೆ, 2019ರಲ್ಲಿ ಅದು ಮೊದಲ ವಿಭಾಗವನ್ನೇ ಬಿಟ್ಟು ಎರಡನೇ ವಿಭಾಗಕ್ಕೆ ಇಳಿಯಿತು. ಗುಲಾಮಗಿರಿಯ ಚರಿತ್ರೆಯ ಬಗ್ಗೆ ವಿಚಾರಗೋಷ್ಠಿ ನಡೆಸುವ ವಿಶ್ವವಿದ್ಯಾಲಯಗಳ ಲೋಕ ಇದು. ಬಡ ಕಪ್ಪು ಕಾಲೇಜಿನ ಹುಡುಗರ ಮೈಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಬಾಡಿಗೆಗೆ ಪಡೆಯುವಾಗ ಮಾತ್ರ ಅಲ್ಲಿ ಯಾವ ಗೋಷ್ಠಿಯೂ ನೆನಪಾಗುವುದಿಲ್ಲ.

ಮೈ ಎಂದೆ, ಅದನ್ನು ಅಲಂಕಾರಕ್ಕಾಗಿ ಹೇಳಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಅಂಗಳಕ್ಕೆ ಆಡಲು ಬಂದ ಸದರ್ನ್ ಯೂನಿವರ್ಸಿಟಿಯ ಆಟಗಾರನೊಬ್ಬ ಡಿಕ್ಕಿಯಲ್ಲಿ ಕುತ್ತಿಗೆಯ ಮೂಳೆ ಮುರಿದುಕೊಂಡು ಮತ್ತೆ ನಡೆಯಲಾರದಂತಾದ. ಅವನೂ ಅಂಥದೇ ಕಪ್ಪು ಕಾಲೇಜಿನವನು. ಜಾರ್ಜಿಯಾದ ಜನ ಕಲ್ಲೆದೆಯವರೇನಲ್ಲ. ಅವನಿಗೆ ಮನೆ ಕಟ್ಟಿಸಲು ಹಣ ಕೂಡಿಸಿದರು. ಆದರೆ ಅದು ದಾನ. ಕೆಲಸದ ಜಾಗದಲ್ಲಿ ಪೆಟ್ಟಾದವನಿಗೆ ಸಲ್ಲಬೇಕಾದದ್ದು ಹಕ್ಕು.

ಆ ಹಕ್ಕನ್ನು ತಪ್ಪಿಸಿದ್ದು ಒಂದು ಪದ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. 1955ರಲ್ಲಿ ಕೊಲರಾಡೋದ ಸಣ್ಣ ಕಾಲೇಜೊಂದರ ಆಟಗಾರ ತಲೆಗೆ ಪೆಟ್ಟಾಗಿ ಸತ್ತ. ಅವನ ಹೆಂಡತಿ ಕಾರ್ಮಿಕ ಪರಿಹಾರ ಕೇಳಿದಳು. 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅವಳ ಬೇಡಿಕೆಯನ್ನು ತಳ್ಳಿಹಾಕಿತು. ಅದೇ ದಶಕದಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡುಪದವನ್ನು ಎಲ್ಲೆಡೆ ಬಳಕೆಗೆ ತಂದಿತು. ಕೇಳಲು ಎಷ್ಟು ಮುದ್ದಾಗಿದೆ! ಕ್ರೀಡಾಪಟು ದುಡಿಯುತ್ತಾನೆ; ಕೂಲಿ ಕೇಳುವಾಗ ಮುಂದೆ ಬಂದು ನಿಲ್ಲುವವನು ವಿದ್ಯಾರ್ಥಿ. ಪಿಎಚ್.ಡಿ. ಮಾಡುತ್ತಿರುವ ನಮ್ಮಂಥವರಿಗೆ ಈ ಆಟ ಹೊಸದಲ್ಲ. ಇದೇ ಮಿಶಿಗನ್‌ನಲ್ಲಿ 2023ರ ಮಾರ್ಚ್ 29ರಿಂದ ಸಂಶೋಧನಾ ವಿದ್ಯಾರ್ಥಿಗಳಾದ ಬೋಧನಾ ಸಹಾಯಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ವರ್ಷಕ್ಕೆ ಸುಮಾರು 24 ಸಾವಿರ ಡಾಲರ್ ಸಂಬಳದಲ್ಲಿ ಆನ್ ಆರ್ಬರ್‌ನಲ್ಲಿ ಬದುಕಲಾಗದು ಎಂಬುದು ಅವರ ವಾದ. ಪಾಠ ಮಾಡಬೇಕಾದಾಗ ಮೇಷ್ಟ್ರು, ಸಂಬಳ ಕೇಳಿದಾಗ ವಿದ್ಯಾರ್ಥಿ. ಮೈದಾನದ ಹುಡುಗನಿಗೂ ತರಗತಿಯ ಹುಡುಗಿಗೂ ತೊಡಿಸಿರುವುದು ಒಂದೇ ಅಂಗಿ.

‘ಈಗ ಕಾಲ ಬದಲಾಗಿದೆಯಲ್ಲ’ ಎನ್ನಬಹುದು. ಹೌದು, ಬದಲಾಗಿದೆ. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎನ್‌ಸಿಎಎ ವಿರುದ್ಧ ಒಮ್ಮತದ ತೀರ್ಪು ಕೊಟ್ಟಿತು. 2025ರ ಜೂನ್‌ನಲ್ಲಿ ಅಂಗೀಕಾರವಾದ ಇನ್ನೊಂದು ಒಪ್ಪಂದದ ಪ್ರಕಾರ ವಿಶ್ವವಿದ್ಯಾಲಯವೊಂದು ತನ್ನ ಕ್ರೀಡಾಪಟುಗಳಿಗೆ ಮೊದಲ ವರ್ಷ 2 ಕೋಟಿ 5 ಲಕ್ಷ ಡಾಲರ್‌ಗಳ ಮಿತಿಯವರೆಗೆ ನೇರವಾಗಿ ಹಂಚಬಹುದು. ನ್ಯಾಯವೇ. ಆದರೆ ಹಂಚಲು ಹಣ ಇರಬೇಕಾದದ್ದು ಕರೆಸುವವರ ಬಳಿ. ಅತಿಥಿಯಾಗಿ ಬಂದು ತುಳಿಸಿಕೊಳ್ಳುವ ಹುಡುಗನ ಹೆಸರಿಗೆ ಆ ಚೆಕ್ಕಿನಲ್ಲಿ ಪಾಲು ಬರೆದಿಲ್ಲ. ಅದು ಅವನ ಕಾಲೇಜಿನ ಕ್ರೀಡಾ ವಿಭಾಗಕ್ಕೆ ಹೋಗುತ್ತದೆ.

ಎರಡು ಆಕ್ಷೇಪಗಳಿಗೆ ತೂಕವಿದೆ. ಮೊದಲನೆಯದು, ಆ ಚೆಕ್ಕಿನಿಂದಲೇ ಸಣ್ಣ ಕಾಲೇಜಿನ ಈಜು, ಓಟ, ಹೆಣ್ಣುಮಕ್ಕಳ ವಾಲಿಬಾಲ್ ಉಳಿದಿವೆ. ನಿಜ. ಹಾಗಾದರೆ ಹೆಣ್ಣುಮಕ್ಕಳ ವಾಲಿಬಾಲ್ ಉಳಿಯಬೇಕಾದರೆ ಗಂಡು ಹುಡುಗರು 84–0 ಅನುಭವಿಸಬೇಕು ಎಂಬ ಬಜೆಟ್ಟನ್ನು ಬರೆದವರು ಯಾರು? ಬಡತನವನ್ನು ಇರುವ ಹಾಗೇ ಇಟ್ಟುಕೊಂಡು, ಅದರಿಂದ ಹುಟ್ಟಿದ ಒಪ್ಪಿಗೆಯನ್ನು ಸ್ವಂತ ಇಚ್ಛೆ ಎಂದು ಕರೆಯುವುದು ಜಮೀನ್ದಾರಿಯಷ್ಟೇ ಹಳೆಯ ಉಪಾಯ. ಎರಡನೆಯದು, ಆಟಗಾರರೇ ಅಂಥ ಪಂದ್ಯವನ್ನು ಬಯಸುತ್ತಾರೆ. ಇದನ್ನೂ ಒಪ್ಪುತ್ತೇನೆ. ಲಕ್ಷ ಜನರ ಮುಂದೆ ಆಡುವ ಆಸೆ ಯಾವ ಹುಡುಗನಿಗಿಲ್ಲ? ಆದರೆ ಅವನ ಆಸೆ ಆಡುವುದು, ಗೆಲ್ಲುವುದು. ಅದನ್ನು ಬಂಡವಾಳ ಮಾಡಿಕೊಂಡು ಅವನ ಸೋಲನ್ನು ಮಾರಿದವರು ಬೇರೆಯವರು.

ಹಾಗಂತ ಪುಸ್ತಕಪ್ರಿಯರು ಈ ಲೇಖನ ಓದಿ ‘ಅದಕ್ಕೇ ಹೇಳಿದ್ದು, ವಿಶ್ವವಿದ್ಯಾಲಯಕ್ಕೆ ಚೆಂಡು ಯಾಕೆ?’ ಎಂದು ತಲೆಯಾಡಿಸುವುದೂ ಬೇಡ. ಆ ಪ್ರಯೋಗ ಒಮ್ಮೆ ನಡೆದಿದೆ. 1935ರಲ್ಲಿ ಈಗ ‘ಹೈಸ್‌ಮನ್’ ಎನ್ನಿಸಿಕೊಳ್ಳುವ, ದೇಶದ ಶ್ರೇಷ್ಠ ಕಾಲೇಜು ಆಟಗಾರನ ಬಹುಮಾನ ಮೊದಲ ಸಲ ಸಿಕ್ಕಿದ್ದು ಶಿಕಾಗೊ ವಿಶ್ವವಿದ್ಯಾಲಯದ ಹುಡುಗನಿಗೆ. 1939ರಲ್ಲಿ ಅದೇ ತಂಡ ಮಿಶಿಗನ್‌ಗೆ 85–0ರಿಂದ ಸೋತಿತು. ಆ ವರ್ಷದ ಕೊನೆಗೆ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಆಡಳಿತ ಫುಟ್‌ಬಾಲನ್ನೇ ಕೈಬಿಟ್ಟಿತು. ಖಾಲಿಯಾದ ಸ್ಟ್ಯಾಗ್ ಫೀಲ್ಡ್‌ನ ಪ್ರೇಕ್ಷಕರ ಕಟ್ಟೆಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯ ತಂಡ ಮನುಷ್ಯ ನಡೆಸಿದ ಮೊದಲ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿತು. ಅದು ಹೋಗಿ ಮುಟ್ಟಿದ್ದು ಹಿರೋಶಿಮಾಕ್ಕೆ. ಆಮೇಲೆ ಆ ಜಾಗದಲ್ಲಿ ರೀಗೆನ್‌ಸ್ಟೈನ್ ಗ್ರಂಥಾಲಯ ಎದ್ದಿತು. ನಮ್ಮ ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಪಾಠ ಮಾಡಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಚೆಂಡು ಹೋದ ಜಾಗಕ್ಕೆ ಬಾಂಬಿನ ಬೀಜವೂ ಬರಬಹುದು, ಪುಸ್ತಕವೂ ಬರಬಹುದು. ಚೆಂಡು ಹೋದದ್ದರಿಂದಲೇ ಯಾರೂ ಶುದ್ಧರಾಗುವುದಿಲ್ಲ. 1969ರಲ್ಲಿ ಶಿಕಾಗೊದಲ್ಲಿ ಫುಟ್‌ಬಾಲ್ ತಿರುಗಿ ಬಂತು. ಈಗ ಅದು ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಮೂರನೇ ವಿಭಾಗದಲ್ಲಿ, ತನ್ನಂಥವರ ಜೊತೆ ಆಡುತ್ತದೆ. ಗ್ರಂಥಾಲಯವೂ ಇದೆ, ಆಟವೂ ಇದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕರೆಸುವ ವಿಶ್ವವಿದ್ಯಾಲಯ ಕರೆಸಿದವರ ಊರಿಗೂ ಹೋಗಿ ಆಡಲಿ. ಚೆಕ್ಕಿನಲ್ಲಿ ಒಂದು ಪಾಲು ಬಂದ ಆಟಗಾರರ ಹೆಸರಿಗೆ ಇರಲಿ. ತನ್ನ ಅಂಗಳದಲ್ಲಿ ಪೆಟ್ಟಾದವನ ಚಿಕಿತ್ಸೆಯ ಹೊಣೆಯನ್ನು, ಅದು ಬದುಕಿಡೀ ಬೇಕಾದರೂ, ಆತಿಥೇಯರು ಹೊರಲಿ. ಈ ಮೂರಕ್ಕೆ ಒಪ್ಪದವರು ಅದನ್ನು ಪಂದ್ಯ ಎಂದು ಕರೆಯುವುದನ್ನಾದರೂ ಬಿಡಲಿ.

ಇದು ಆಗದ ಮಾತು ಎನ್ನುವವರು 2022ರ ಸೆಪ್ಟೆಂಬರ್ 3ನ್ನು ನೋಡಲಿ. ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ, ಆ ರಾಜ್ಯದ ದೊಡ್ಡಣ್ಣ, ಆಪಲಾಚಿಯನ್ ಸ್ಟೇಟ್‌ನ ಮೊದಲ ಪಂದ್ಯಕ್ಕೆ ತಾನೇ ಬೆಟ್ಟ ಹತ್ತಿ ಬೂನ್‌ಗೆ ಹೋಯಿತು. ಸುಮಾರು 30 ಸಾವಿರ ಜನ ಹಿಡಿಸುವ ಅಂಗಳದಲ್ಲಿ 40 ಸಾವಿರಕ್ಕೂ ಹೆಚ್ಚು ಜನ ನೆರೆದರು. ಕೊನೆಯ ಪಾದದಲ್ಲೇ ತವರಿನ ತಂಡ 40 ಅಂಕ ಗಳಿಸಿತು. ಆದರೂ ಸೋತಿತು, 63–61ರಿಂದ. ಆ ಸಂಜೆ ಬೂನ್‌ನ ಜನ ಅತ್ತಿರಬಹುದು. ಆದರೆ ಆ ಸೋಲನ್ನು ಯಾರೂ ಮುಂಗಡ ಕೊಟ್ಟು ಕಾಯ್ದಿರಿಸಿರಲಿಲ್ಲ.