ಸೆಲ್ಫ್ ಹೊಡೀತೈತಿ, ಸ್ಟಾರ್ಟ್ ಆಗವಲ್ದು

ಅಪ್ಪ ಎರಡು ತಿಂಗಳು ನಮ್ಮ ಜೊತೆ ಅಹಮದಾಬಾದಿನಲ್ಲಿದ್ದು ಹೋದ ತಿಂಗಳು ಹುಬ್ಬಳ್ಳಿಗೆ ವಾಪಸಾದರು. ಆ ಕಡೆಯ ರೈಲುಗಳು ವಾರದಲ್ಲಿ ಕೆಲವೇ ದಿನ ಅನ್ನುವುದು ನಮ್ಮವರಿಗೆಲ್ಲ ಗೊತ್ತೇ ಇದೆ. ತಪ್ಪಿಸಿಕೊಂಡರೆ ಮತ್ತೆ ಕನ್ಫರ್ಮ್ ಟಿಕೆಟ್ ಸಿಗುವುದು ದೇವರ ಇಚ್ಛೆ. ಅಂಥ ದಿನವೇ ನಮ್ಮ ಕಾರು ಕೈಕೊಟ್ಟಿತು.

ಮಣಿನಗರದ ನಮ್ಮ ಸೊಸೈಟಿಯಿಂದ ಕಾಲುಪುರ ಸ್ಟೇಷನ್ನಿಗೆ ದೂರವೇನಿಲ್ಲ. ಡಿಕ್ಕಿಯಲ್ಲಿ ಗ್ಯಾಸಿನ ಸಿಲಿಂಡರು ಕೂತಿರುವುದರಿಂದ ಅಪ್ಪನ ಎರಡು ಚೀಲ, ಸೊಸೆ ಕಟ್ಟಿಕೊಟ್ಟ ಥೇಪ್ಲಾ ಡಬ್ಬಿ ಎಲ್ಲ ಹಿಂದಿನ ಸೀಟಿಗೆ ಏರಿದವು. ಕೀಲಿ ತಿರುಗಿಸಿದೆ. ಗರ್ರ್ ಗರ್ರ್ ಅಂತ ಸೆಲ್ಫ್ ಹೊಡೆಯಿತು, ಎಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ. ಅದೇ ಗರ್ರ್ ಗರ್ರ್. ಬೆವರು ಬಂತು. ಗೇಟಿನ ವಾಚ್‌ಮನ್ ಕಾಕಾ ಬಂದು ಬಾನೆಟ್ ನೋಡಿ, "ಸೆಲ್ಫ್ ತೋ ಮಾರೇ ಛೆ" ಅಂದ. ಅದು ನನಗೂ ಕೇಳಿಸುತ್ತಿತ್ತು!

ಅಪ್ಪ ಮಾತ್ರ ಗಡಬಡಿಸಲಿಲ್ಲ. "ಬಿಡಪಾ, ರಿಕ್ಷಾ ಕರಿ. ಬ್ಯಾಟರಿ ಸುಟ್ಟೀ ಸುಮ್ಮ" ಅಂದರು. ರಿಕ್ಷಾದಲ್ಲೇ ಹೋದೆವು. ರೈಲು ಹೊರಡಲು ಆರು ನಿಮಿಷ ಇರುವಾಗ ಸೀಟಿನಲ್ಲಿ ಕೂರಿಸಿದೆ. ಕಿಟಕಿಯಿಂದ ಅವರು ಹೇಳಿದ್ದು ಒಂದೇ ಮಾತು: "ಮನೀಗೆ ಹೋಗಿ ಫೋನ್ ಹಚ್ಚು. ಯಾರಿಗೂ ಗಾಡಿ ಬಿಚ್ಚಾಕ ಕೊಡಬ್ಯಾಡ."

ಅಪ್ಪ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. 1997ರಲ್ಲಿ ವಾಯವ್ಯ ಕರ್ನಾಟಕ ಸಾರಿಗೆ ಬೇರೆ ಸಂಸ್ಥೆಯಾದಾಗಲೂ ಅದೇ ಡಿಪೋ, ಅದೇ ಗುಂಡಿ, ಅದೇ ಡೀಸೆಲ್ ವಾಸನೆ. ಆದರೆ ಈ ಎರಡು ತಿಂಗಳಲ್ಲಿ ನಾನು ಅವರ ಜೊತೆ ಮಾತಾಡಿದ್ದು ಬಿಪಿ ಮಾತ್ರೆ, ಊಟ, ಫ್ಯಾನಿನ ಸ್ಪೀಡು, ಇಷ್ಟೇ. ಗುಜರಾತಿ ಬಾರದ ಅವರು ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು.

ಮನೆಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಹತ್ತಿರದ ಗ್ಯಾರೇಜಿನ ಹುಡುಗನನ್ನು ಕರೆಸಿದ್ದಳು. ಅವನು ಎರಡು ಸಲ ಸೆಲ್ಫ್ ಹೊಡೆದು, "ಇಸಿಎಂ ಹೋಗಿದೆ ಸಾಹೇಬ್, ಗಾಡಿ ಎಳೆಸಬೇಕು, ಇಪ್ಪತ್ತೆರಡು ಸಾವಿರ ಹಿಡಿದುಕೊಳ್ಳಿ" ಅಂದ. ಮಗಳ ಸ್ಕೂಲ್ ಫೀ ಕಟ್ಟುವ ತಿಂಗಳು ಅದು. ಅಪ್ಪನಿಗೆ ಫೋನ್ ಹಚ್ಚಿದೆ. ರೈಲು ನಡಿಯಾದ್ ಹತ್ತಿರವಿತ್ತು.

"ಕಟ್‌ಕಟ್ ಅಂತೈತೋ, ಗರ್ರ್ ಅಂತೈತೋ?" ಅಂತ ಕೇಳಿದರು.

"ಗರ್ರ್ ಅಂತದ್ರಿ."

"ಹಂಗಾದ್ರ ಬ್ಯಾಟರಿ, ಸೆಲ್ಫ್ ಮೋಟಾರ್ ಎರಡೂ ಬಿಟ್ಟಬಿಡು. ಅವು ತಮ್ಮ ಕೆಲಸ ಮಾಡಾಕತ್ತಾವ. ಫೋನ್ ಬಾನೆಟ್ ಹಂತೇಕ ಹಿಡಿ, ಒಮ್ಮೆ ಹೊಡೆಸು."

ಹಿಡಿದೆ. ಆ ಕಡೆ ರೈಲಿನ ಸದ್ದು, ಈ ಕಡೆ ಸೆಲ್ಫಿನ ಸದ್ದು. ಅಪ್ಪ ಕೇಳಿಸಿಕೊಂಡು, "ತಾಳ ಸಮ ಐತಿ" ಅಂದರು. ಅದರ ಅರ್ಥ ಆಮೇಲೆ ಬಿಡಿಸಿ ಹೇಳಿದರು. ಪ್ರತಿ ಸಿಲಿಂಡರ್ ಗಾಳಿ ಒತ್ತುವಾಗ ಮೋಟಾರಿಗೆ ಸ್ವಲ್ಪ ಭಾರ ಬೀಳುತ್ತದೆ. ಆ ಭಾರ ಒಂದೇ ಸಮ ಬಿದ್ದರೆ ಕಂಪ್ರೆಶನ್ ಇದೆ, ಟೈಮಿಂಗ್ ಚೈನ್ ಹರಿದಿಲ್ಲ ಅಂತ ಸುಮಾರಾಗಿ ಹೇಳಬಹುದು. ಚೈನೋ ಬೆಲ್ಟೋ ಹರಿದಿದ್ದರೆ ತಡೆಯೇ ಇಲ್ಲದ ಹಾಗೆ ಸಲೀಸಾಗಿ, ಜೋರಾಗಿ ತಿರುಗುತ್ತದೆ. ಆಗ ಮುಂದೆ ಸೆಲ್ಫ್ ಹೊಡೆಯಲೇಬಾರದು.

"ಎಂಜಿನ್ನಿಗೆ ಬೇಕಾಗೋದು ಮೂರ, ತಮ್ಮಾ. ಗಾಳಿ, ಎಣ್ಣಿ, ಕಿಡಿ. ಹೊತ್ತಿಗೆ ಸರಿಯಾಗಿ ಬರಬೇಕು ಅಷ್ಟ. ಯಾವುದು ಬಂದಿಲ್ಲ ಅಂತ ಹುಡುಕು. ಬಿಚ್ಚೋದು ಆಮ್ಯಾಲೆ."

ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಗುರುತಿನ ದೀಪ ಮಿಣುಕುತ್ತಿದೆಯಾ ನೋಡು ಅಂದರು. ಇಲ್ಲ. ಮಿಣುಕುತ್ತಿದ್ದರೆ ಗಾಡಿ ಆ ಕೀಲಿಯನ್ನು ಗುರುತಿಸುತ್ತಿಲ್ಲ ಅಂತ. ಇಮೊಬಿಲೈಸರ್ ಇರುವ ಕೆಲವು ಗಾಡಿಗಳಲ್ಲಿ ಸೆಲ್ಫ್ ತಿರುಗಿದರೂ ಎಂಜಿನ್ ಹಿಡಿಯುವುದಿಲ್ಲ. ಮನೆಯಲ್ಲಿರುವ ಎರಡನೇ ಕೀಲಿ ಹಾಕಿ ನೋಡಬೇಕು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪ ಅಲುಗುತ್ತಿದೆಯಾ? ಅಲುಗುತ್ತಿತ್ತು. ಅಂದರೆ ಎಂಜಿನ್ ತಿರುಗುವುದನ್ನು ಲೆಕ್ಕ ಹಾಕುವ ಕ್ರ್ಯಾಂಕ್ ಸೆನ್ಸರ್ ಬಹುಶಃ ಸರಿ ಇದೆ. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಮುಂದಿನ ಫೋನ್ ವಡೋದರಾ ಸ್ಟೇಷನ್ನಿನಿಂದ. ಅಪ್ಪ ಚಹಾ ಹಿಡಿದುಕೊಂಡು ಮಾತಾಡುತ್ತಿದ್ದರು.

"ಈಗ ಕಿವಿ ಕೆಲಸ. ಸೊಸೀಗೆ ಕೀಲಿ ಆನ್ ಅಷ್ಟ ಮಾಡಾಕ ಹೇಳು, ಸೆಲ್ಫ್ ಹೊಡಿಯೋದು ಬ್ಯಾಡ. ನೀ ಹಿಂದಿನ ಸೀಟಿಗೆ ಕಿವಿ ಹಚ್ಚು."

ಪೆಟ್ರೋಲ್ ಗಾಡಿಯಲ್ಲಿ ಕೀಲಿ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗಿನ ಪಂಪ್ ಎರಡು ಸೆಕೆಂಡು ಗುಂಯ್ ಅನ್ನಬೇಕಂತೆ. ಎಂಟು ವರ್ಷ ಓಡಿಸಿದ್ದೇನೆ, ಒಂದು ದಿನವೂ ಗಮನಿಸಿರಲಿಲ್ಲ. ಮೂರು ಸಲ ಆನ್ ಮಾಡಿಸಿದೆ. ಸದ್ದೇ ಇಲ್ಲ. ಅಷ್ಟು ಹೊತ್ತು ಸೆಲ್ಫ್ ಹೊಡೆದರೂ ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ ಇರಲಿಲ್ಲ. ಕಿಡಿ ಇಲ್ಲದೆ ಬರೀ ಎಣ್ಣೆ ಬರುತ್ತಿದ್ದರೆ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಫ್ಯೂಸ್ ಡಬ್ಬಿ ತೆಗೆಸಿದರು. ಮುಚ್ಚಳದ ಒಳಗೆ ಚಿತ್ರವಿರುತ್ತದೆ. ಪಂಪಿನ ಫ್ಯೂಸ್ ಸುಟ್ಟಿರಲಿಲ್ಲ. ಪಂಪಿನ ರಿಲೇ ಕಿತ್ತು, ಅದೇ ನಂಬರಿನ ಹಾರ್ನ್ ರಿಲೇಯನ್ನು ಆ ಜಾಗಕ್ಕೆ ಹಾಕಿಸಿದರು. ಆಗಲೂ ಸದ್ದಿಲ್ಲ.

"ಪೆಟ್ರೋಲ್ ಎಷ್ಟು ಐತಿ?"

ನಾನು ಸುಮ್ಮನಾದೆ. ಗೇಜಿನ ಕೊನೆಯ ಕಡ್ಡಿ ಮಿಣುಕಲು ಶುರುವಾಗಿ ತಿಂಗಳೇ ಆಗಿರಬೇಕು. ನಮ್ಮದು ಹೊರಗಡೆ ಕಿಟ್ ಹಾಕಿಸಿದ ಸಿಎನ್‌ಜಿ ಗಾಡಿ. ಅಪ್ಪ ಬಂದ ಮೊದಲ ವಾರ ಸಿಎನ್‌ಜಿ ಪಂಪಿನಲ್ಲಿ ಸಾಲು ಹಚ್ಚಿದ್ದೆವು. ಎಲ್ಲರೂ ಕೆಳಗಿಳಿದು ನಿಂತಿದ್ದಾಗ ಅಪ್ಪ ಒಳಗೆ ಬಗ್ಗಿ ಗೇಜು ನೋಡಿ, "ಪೆಟ್ರೋಲ್ ಹಾಕಸಪಾ" ಅಂದಿದ್ದರು. "ಗ್ಯಾಸಿನಲ್ಲಿ ಓಡ್ತದ್ರಿ, ಪೆಟ್ರೋಲ್ ಯಾಕ?" ಅಂತ ನಕ್ಕು ನೂರು ರೂಪಾಯಿಯದು ಹಾಕಿಸಿದ್ದೆ. ಅವರು ಮತ್ತೆ ಹೇಳಲಿಲ್ಲ.

"ಐದು ಲೀಟರ್ ತಂದು ಹಾಕು" ಅಂದರು. ತಂದು ಹಾಕಿದೆ. ಪಂಪ್ ಆಗಲೂ ಮಾತಾಡಲಿಲ್ಲ. ಸೊಸೈಟಿಯ ನಾಲ್ಕಾರು ಜನ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಔಷಧಿ ಹೇಳುತ್ತಿದ್ದರು. ಒಬ್ಬರಂತೂ ಗಾಳಿ ಪೈಪಿಗೆ ಪೆಟ್ರೋಲ್ ಸುರಿಯಿರಿ ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ.

ಭರೂಚ್ ದಾಟುವಾಗ ಅಪ್ಪ ತಾವೇ ಫೋನ್ ಮಾಡಿದರು. "ನರ್ಮದಾ ಬಂತು" ಅಂದರು. ಸೇತುವೆಯ ಸದ್ದಿನಲ್ಲಿ ಮತ್ತೇನೂ ಕೇಳಿಸಲಿಲ್ಲ.

ಸೂರತ್ ಬಂದಾಗ ಕತ್ತಲಾಗಿತ್ತು. ಅಷ್ಟು ಹೊತ್ತಿಗೆ ಅಪ್ಪ ಯೋಚನೆ ಮಾಡಿಟ್ಟುಕೊಂಡಿದ್ದರು. "ಗ್ಯಾಸ್ ಐತಲ್ಲ, ಗ್ಯಾಸಿನ್ಯಾಗ ನೇರ ಸ್ಟಾರ್ಟ್ ಮಾಡಾಕ ಬರೂದಿಲ್ಲೇನು?" ಅಂತ ಕೇಳಿದರು.

ನಮ್ಮಂಥ ಕಿಟ್‌ಗಳಲ್ಲಿ ಗಾಡಿ ಮೊದಲು ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ತಾನಾಗಿ ಗ್ಯಾಸಿಗೆ ಬದಲಾಗುತ್ತದೆ. ಕಿಟ್ಟಿನ ಪುಸ್ತಕ ಹುಡುಕಿ ತೆಗೆದೆ. ತುರ್ತಿಗೆ ಅಂತ ಒಂದು ದಾರಿ ಅದರಲ್ಲಿತ್ತು: ಗ್ಯಾಸ್ ಬಟನ್ ಒತ್ತಿ ಹಿಡಿದು ಕೀಲಿ ಆನ್ ಮಾಡಿ, ಗ್ಯಾಸಿನ ದೀಪ ನಿಂತ ಮೇಲೆ ಸೆಲ್ಫ್ ಹೊಡೆಯಬೇಕು. ಹೊಡೆದೆ. ಎರಡನೇ ಸುತ್ತಿಗೇ ಎಂಜಿನ್ ಹಿಡಿಯಿತು!

ನೋಡಿ, ಆ ಒಂದು ಪರೀಕ್ಷೆಯಲ್ಲಿ ಎಷ್ಟು ಉತ್ತರ ಸಿಕ್ಕಿತು. ಗ್ಯಾಸಿನಲ್ಲಿ ಓಡಲೂ ಅದೇ ಪ್ಲಗ್, ಅದೇ ಕಾಯಿಲ್, ಅದೇ ಸೆನ್ಸರ್, ಅದೇ ಕಂಪ್ರೆಶನ್ ಬೇಕು. ಅವೆಲ್ಲ ಸರಿ ಇವೆ. ಇಪ್ಪತ್ತೆರಡು ಸಾವಿರದ ಇಸಿಎಂ ಕೂಡ ಸತ್ತಿಲ್ಲ. ತಪ್ಪು ಇರುವುದು ಪೆಟ್ರೋಲ್ ಬರುವ ದಾರಿಯಲ್ಲಿ ಮಾತ್ರ. ಫ್ಯೂಸ್, ರಿಲೇ ಎರಡೂ ನೋಡಿಯಾಗಿದೆ, ಉಳಿದದ್ದು ಪಂಪ್ ಮತ್ತು ಅದರ ವೈರು.

ಮರುದಿನ ಬೇರೊಂದು ಗ್ಯಾರೇಜಿಗೆ ಗ್ಯಾಸಿನಲ್ಲೇ ಓಡಿಸಿಕೊಂಡು ಹೋದೆ. ವೈರಿಗೆ ಕರೆಂಟ್ ಬರುತ್ತಿದೆ ಅಂತ ಮೊದಲು ಖಾತ್ರಿ ಮಾಡಿಕೊಂಡು ಪಂಪ್ ತೆಗೆದರು. ಸುಟ್ಟಿತ್ತು. ಕೂಲಿ ಸೇರಿ ನಾಲ್ಕು ಸಾವಿರದ ಎಂಟುನೂರು. ಟ್ಯಾಂಕಿನ ಪಂಪಿಗೆ ತಂಪು ಕೊಡುವುದೂ ಪೆಟ್ರೋಲೇ, ಜಾರಲು ಎಣ್ಣೆಯೂ ಪೆಟ್ರೋಲೇ. ನಮ್ಮ ಗಾಡಿಯಲ್ಲಿ ಗ್ಯಾಸಿನಲ್ಲಿ ಓಡುವಾಗಲೂ ಪಂಪ್ ತಿರುಗುತ್ತಲೇ ಇರುತ್ತದೆ. ಟ್ಯಾಂಕು ಬರಿದಾದರೆ ಒಣಗಿದ ಪಂಪು ಬಿಸಿಯಾಗಿ ಸಾಯುತ್ತದೆ. ಗುಜರಾತಿನಲ್ಲಿ ನಮ್ಮವರ ಎಷ್ಟೋ ಗಾಡಿಗಳು ಸಿಎನ್‌ಜಿ. ಉಳಿಸುವ ಲೆಕ್ಕದಲ್ಲಿ ನಾವೆಲ್ಲ ಮಾಡುವ ತಪ್ಪು ಇದು. ಕಾಲು ಟ್ಯಾಂಕಿಗೆ ಕಡಿಮೆಯಾಗದಂತೆ ಪೆಟ್ರೋಲ್ ಇಡಿ, ವಾರಕ್ಕೊಮ್ಮೆ ನಾಲ್ಕಾರು ಕಿಲೋಮೀಟರ್ ಪೆಟ್ರೋಲಿನಲ್ಲೇ ಓಡಿಸಿ.

ಅಪ್ಪ ಹೇಳಿದ ಇನ್ನೂ ಮೂರು ಮಾತು ಇಲ್ಲಿ ಬರೆದಿಡುತ್ತೇನೆ. ಒಂದು, ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಸುಮ್ಮನೆ ಹೊಡೆಯುತ್ತಲೇ ಇದ್ದರೆ ಬ್ಯಾಟರಿಯೂ ಹೋಗಿ ಒಂದು ರೋಗಕ್ಕೆ ಎರಡಾಗುತ್ತದೆ. ಎರಡು, ಗ್ಯಾಸ್ ವಾಸನೆ ಬಂದರೆ ಕೀಲಿ ಮುಟ್ಟದೆ ದೂರ ನಿಂತು ಗೊತ್ತಿದ್ದವರನ್ನು ಕರೆಯಿರಿ. ಮೂರು, ನೀರಲ್ಲಿ ನಿಂತ ಗಾಡಿಗೆ ಸೆಲ್ಫ್ ಹೊಡೆಯಲೇಬೇಡಿ. 2006ರ ಆಗಸ್ಟಿನಲ್ಲಿ ತಾಪಿ ನೀರು ಸೂರತ್ತಿಗೆ ನುಗ್ಗಿದ್ದನ್ನು ಕಂಡವರು, 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ವಡೋದರೆಯನ್ನು ಮುಳುಗಿಸಿದ್ದನ್ನು ಕಂಡವರು ನಮ್ಮಲ್ಲೇ ಇದ್ದೀರಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಸಿಲಿಂಡರಿನೊಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಎಳೆಸಿಕೊಂಡು ಹೋಗುವುದೇ ಸರಿ.

ಆ ರಾತ್ರಿ ಎಂಜಿನ್ ಹಿಡಿದಾಗ ಫೋನಿನಲ್ಲಿ ಅಪ್ಪನಿಗೂ ಸದ್ದು ಕೇಳಿಸಿತು. ಹಳೆಯ ಬಸ್ಸುಗಳ ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದು ಹೀಗೇ ಸ್ಟಾರ್ಟ್ ಆಗದೆ ನಿಲ್ಲುತ್ತಿದ್ದುದು, ಬೋಲ್ಟ್ ಸಡಿಲಿಸಿ ಕೈಪಂಪು ಒತ್ತಿ ಗುಳ್ಳೆ ತೆಗೆಯುತ್ತಿದ್ದುದು, ಪ್ಯಾಸೆಂಜರುಗಳು ಕೆಳಗಿಳಿದು ಬೈಯುತ್ತಿದ್ದುದು ಎಲ್ಲ ಹೇಳಿದರು. ಎದುರು ಸೀಟಿನವರು ದೀಪ ಆರಿಸುತ್ತೇವೆ ಅನ್ನುವ ತನಕ ಹೇಳಿದರು. ಎರಡು ತಿಂಗಳಲ್ಲಿ ಅಷ್ಟು ಮಾತಾಡಿರಲಿಲ್ಲ. ನಾನು ಕೇಳಿರಲಿಲ್ಲ ಅನ್ನುವುದೇ ಸರಿ.

ಈಗ ಭಾನುವಾರ ಬೆಳಿಗ್ಗೆ ಅಪ್ಪನ ಫೋನ್ ಬರುತ್ತದೆ. "ನಾಷ್ಟಾ ಆತೇನು?" ಅನ್ನುವ ಮೊದಲೇ ಕೇಳುತ್ತಾರೆ: "ಪೆಟ್ರೋಲ್ ಎಷ್ಟು ಐತಿ?"

ಅರ್ಧ ಟ್ಯಾಂಕ್ ಇದೆ ಅಪ್ಪಾ. ದೀಪಾವಳಿಗೆ ಮತ್ತೆ ಬರ್ರಿ, ಸ್ಟೇಷನ್ನಿಗೆ ಕಾರೇ ತರುತ್ತೇನೆ.